ಬೈಕ್ ಬ್ಯಾಗಿನ ಪೊಟ್ಟಣಗಳು

ಹೋದ ವರ್ಷ ಶ್ರಾವಣದಲ್ಲಿ ಒಂದು ಭಾನುವಾರ ನಮ್ಮ ಮನೆಯವರು ಬೈಕಿನ ಸೈಡ್ ಬ್ಯಾಗ್ ಬಿಚ್ಚಿ ತೊಳೆಯಲು ಕೂತರು. ಒಳಗೆ ಹಳೆಯ ಚಾರ್ಜರ್ ಒಂದು, ಗ್ರಾಮಸಭೆಯ ನೋಟಿಸು ಒಂದು. ಉಳಿದದ್ದೆಲ್ಲ ಖಾಲಿ ಪೊಟ್ಟಣ. ಖಾರದ್ದು, ಬಿಸ್ಕತ್ತಿನದ್ದು, ಬೇಕರಿ ಬ್ರೆಡ್ಡಿನದ್ದು, ತುಪ್ಪದ ಜಿಡ್ಡು ಹತ್ತಿದ ಮೈಸೂರುಪಾಕಿನ ಕಾಗದ. ಒಂದೊಂದೇ ತೆಗೆದು ಬಚ್ಚಲಕಲ್ಲಿನ ಮೇಲೆ ಇಟ್ಟರು. ಬೈಯಲಿಲ್ಲ. ‘ರೀ, ಇದನ್ನ ಯಾರಾದ್ರೂ ನೋಡಿದ್ರ ಮನ್ಯಾಗ ಊಟ ಹಾಕಲ್ಲ ಅಂತ ತಿಳ್ಕಂತಾರ’ ಅಂದರು, ಅಷ್ಟೆ.

ಬೈದಿದ್ದರೆ ಚೆನ್ನಾಗಿತ್ತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇವೆ. ಸುದ್ದಿಯಲ್ಲಿ ‘ನಾನು’ ಬರಬಾರದು ಅಂತ ಡಿಪ್ಲೊಮಾ ಕ್ಲಾಸಿನಲ್ಲಿ ಕಲಿಸಿದ್ದರು. ಆ ಅಭ್ಯಾಸ ಕೈಯಿಂದ ಹೋಗಿಲ್ಲ. ಇಲ್ಲಿ ‘ನಾವು’ ಅಂದರೆ ಬಳ್ಳಾರಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಸುದ್ದಿ ಕಳಿಸಿ ಬದುಕುವ ಒಬ್ಬ ಸ್ಟ್ರಿಂಗರ್. ‘ನಾನು’ ಅಂತ ಬರೆಯಲು ಸ್ವಲ್ಪ ನಾಚಿಕೆಯೂ ಇದೆ, ಯಾಕೆಂದರೆ ಇದು ಕದ್ದು ತಿನ್ನುವವನ ಕಥೆ.

ನಮ್ಮ ದಿನ ಹೇಗಿರುತ್ತದೆ ಅಂತ ಈ ಕೆಲಸ ಮಾಡುವವರಿಗೆ ಗೊತ್ತು. ಬೆಳಿಗ್ಗೆ ಒಂದು ಚಹಾ ಕುಡಿದು ಗಾಡಿ ಹತ್ತುವುದು. ತಹಶೀಲ್ದಾರ್ ಕಚೇರಿ, ಪೊಲೀಸ್ ಠಾಣೆ, ಎಪಿಎಂಸಿ, ಮಂತ್ರಿಗಳು ಬರುತ್ತಾರಂತೆ ಎಂಬ ಸುದ್ದಿ, ಬರಲಿಲ್ಲವಂತೆ ಎಂಬ ಸುದ್ದಿ. ಮಧ್ಯೆ ನಾಲ್ಕೈದು ಚಹಾ. ದುಡ್ಡು ಸುದ್ದಿಗಿಷ್ಟು ಅಂತ, ಅದೂ ಯಾವಾಗ ಬರುತ್ತದೋ ಹೇಳಲಾಗದು. ಹೋಟೆಲಿನಲ್ಲಿ ಕೂತು ಊಟ ಮಾಡಿದರೆ ಪೆಟ್ರೋಲಿನ ಲೆಕ್ಕ ತಪ್ಪುತ್ತದೆ. ಹೊಟ್ಟೆ ಬೇರೆ ಮುಂದೆ ಬಂದಿತ್ತು, ಗೆಳೆಯರು ಆಡಿಕೊಳ್ಳುತ್ತಿದ್ದರು. ಹಾಗಾಗಿ ಮಧ್ಯಾಹ್ನದ ಊಟ ಬಿಡುವುದನ್ನು ಒಂದು ವ್ರತದ ಥರ ಹಿಡಿದಿದ್ದೆವು. ಸಂಜೆ ಸುದ್ದಿ ಟೈಪ್ ಮಾಡಿ, ಫೋಟೊ ಕಳಿಸಿ, ಡೆಸ್ಕಿನವರ ಫೋನಿಗೆ ಉತ್ತರ ಹೇಳಿ ಮುಗಿಸುವಷ್ಟರಲ್ಲಿ ರಾತ್ರಿ ಹತ್ತೂವರೆ. ಆಮೇಲೆ ಶುರು.

ಊರ ಹೊರಗಿನ ಪೆಟ್ರೋಲ್ ಬಂಕ್ ದಾಟಿ ಒಂದು ಬೇವಿನ ಮರ ಇದೆ. ಅದರ ಕೆಳಗೆ ಗಾಡಿ ನಿಲ್ಲಿಸಿ ತಿನ್ನುತ್ತಿದ್ದೆವು. ರುಚಿಗಲ್ಲ. ಮೊದಲ ಎರಡು ತುತ್ತಿನ ನಂತರ ಏನು ತಿನ್ನುತ್ತಿದ್ದೇವೆ ಅಂತಲೂ ಗೊತ್ತಾಗುತ್ತಿರಲಿಲ್ಲ. ಪೊಟ್ಟಣ ಖಾಲಿಯಾದಾಗಲೇ ಎಚ್ಚರ. ಮನೆಗೆ ಹೋಗಿ ಏನೂ ಆಗದವರ ಹಾಗೆ ಎರಡು ರೊಟ್ಟಿ ಪಲ್ಯ ಊಟ, ಊಟ ಮಾಡದಿದ್ದರೆ ಅವ್ವ ಕೇಳುತ್ತಾಳಲ್ಲ. ಹೊಟ್ಟೆ ಬಿರಿಯುತ್ತಿರುತ್ತಿತ್ತು. ‘ನಾಳೆಯಿಂದ ಇಲ್ಲ’ ಅಂತ ಆಣೆ ಮಾಡಿಕೊಂಡು ಮಲಗುವುದು, ನಾಳೆ ಬೆಳಿಗ್ಗೆ ಆಣೆಯ ಮೊದಲ ಕಂತಾಗಿ ತಿಂಡಿ ಬಿಡುವುದು.

ಇದು ಜೋರಾದದ್ದು ಒಂದು ಸುದ್ದಿಯ ನಂತರ. ಕಾಲುವೆಗೆ ಒಂದು ಗಾಡಿ ಬಿದ್ದಿತ್ತು. ನಾವು ಹೋದಾಗ ಜನ ಇನ್ನೂ ಹಗ್ಗ ಹಾಕಿ ಎಳೆಯುತ್ತಿದ್ದರು. ದಂಡೆಯ ಮೇಲೆ ಒಂದು ಪುಟ್ಟ ಚಪ್ಪಲಿ ಬಿದ್ದಿತ್ತು, ಒದ್ದೆಯಾದದ್ದು. ಫೋಟೊ ತೆಗೆದೆವು. ಡೆಸ್ಕಿನವರು ‘ಒಳ್ಳೇ ಫೋಟೊ’ ಅಂದರು, ಮರುದಿನ ಮುಖಪುಟದಲ್ಲಿ ಬಂತು. ಆ ರಾತ್ರಿ ಬೇವಿನ ಮರದ ಕೆಳಗೆ ಎಷ್ಟು ತಿಂದೆವೋ ನೆನಪಿಲ್ಲ. ತಿನ್ನುವಷ್ಟು ಹೊತ್ತು ಚಪ್ಪಲಿ ಕಾಣುತ್ತಿರಲಿಲ್ಲ ಎಂಬುದು ಮಾತ್ರ ನೆನಪಿದೆ.

ಬ್ಯಾಗು ತೊಳೆದ ಮೂರನೇ ವಾರ ಆಸ್ಪತ್ರೆಗೆ ಹೋದೆವು. ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿ 2014ರಲ್ಲಿ ಆರಂಭವಾಯಿತು. ಅದರ ಮೇಲೆ ನಾವೇ ಎರಡು ಸಲ ಸುದ್ದಿ ಮಾಡಿದ್ದೇವೆ. ಇನ್ನೂ ಹಿಂದಕ್ಕೆ ಹೋದರೆ, 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಕೊಡಬಹುದು ಅಂತ ಮಾಡಿ ತೋರಿಸಿದ್ದು ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ. ಅದೇ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ಇಷ್ಟೆಲ್ಲ ಬರೆದ ನಾವು, ನಮ್ಮ ಪಾಳಿ ಬಂದಾಗ ಪಕ್ಕದ ತಾಲ್ಲೂಕಿಗೆ ಹೋದೆವು, ಗುರುತಿನವರು ಸಿಗಬಾರದು ಅಂತ. ಚೀಟಿ ಮಾಡಿಸುವ ಕಡೆಯೇ ಒಬ್ಬರು ಸಿಕ್ಕರು. ‘ಏನ್ ಸರ್, ನ್ಯೂಸಿಗೆ ಬಂದ್ರಾ?’ ‘ಹೂಂ, ನ್ಯೂಸಿಗೆ’ ಅಂದು ಚೀಟಿ ಜೇಬಿಗೆ ಹಾಕಿಕೊಂಡೆವು.

ವೈದ್ಯರು ನೋಡಿ, ಆಪ್ತಸಮಾಲೋಚಕಿ ಒಬ್ಬರ ಬಳಿ ಕಳಿಸಿದರು. ನಮಗಿಂತ ಚಿಕ್ಕವರು. ಸ್ವಲ್ಪ ಹೊತ್ತಿನಲ್ಲಿ ಎಷ್ಟೊಂದು ತಿನ್ನುತ್ತೀರಾ, ನಿಲ್ಲಿಸಬೇಕು ಅನಿಸಿದರೂ ನಿಲ್ಲಿಸಲು ಆಗುವುದಿಲ್ಲವಾ, ಒಬ್ಬರೇ ಇದ್ದಾಗ ತಿನ್ನುತ್ತೀರಾ, ಆಮೇಲೆ ನಿಮ್ಮ ಮೇಲೆ ನಿಮಗೇ ಹೇಸಿಗೆ ಆಗುತ್ತದಾ, ವಾರಕ್ಕೆ ಎಷ್ಟು ಸಲ, ಎಷ್ಟು ತಿಂಗಳಿಂದ. ಎಲ್ಲದಕ್ಕೂ ಉತ್ತರ ಒಂದೇ. ಬೇವಿನ ಮರದ ಕೆಳಗೆ ನಮ್ಮ ಹಿಂದೆ ನಿಂತು ನೋಡಿದವರ ಹಾಗೆ ಕೇಳಿದರು. ಇದಕ್ಕೆ ಇಂಗ್ಲಿಷಿನಲ್ಲಿ ‘ಬಿಂಜ್ ಈಟಿಂಗ್’ ಅನ್ನುತ್ತಾರೆ. ಅಮೆರಿಕದ ಆಲ್ಬರ್ಟ್ ಸ್ಟಂಕಾರ್ಡ್ ಎಂಬ ವೈದ್ಯರು 1959ರಲ್ಲೇ ಇದನ್ನು ಗುರುತಿಸಿ ಬರೆದಿದ್ದರು. ಅಲ್ಲಿನ ಮನೋವೈದ್ಯರ ಪುಸ್ತಕದಲ್ಲಿ ಬೇರೆಯದೇ ಕಾಯಿಲೆಯಾಗಿ ಹೆಸರು ಸೇರಿದ್ದು 2013ರಲ್ಲಿ. ಅಲ್ಲಿಯವರೆಗೂ ಇದು ಹೊಟ್ಟೆಬಾಕತನ, ನಮ್ಮ ಊರಲ್ಲಿ ಈಗಲೂ ಅದೇ.

ಧ್ಯಾನ ಗೀನ ಹೇಳಿಕೊಡುತ್ತಾರೆ ಅಂದುಕೊಂಡಿದ್ದೆವು. ಅವರು ಕೇಳಿದ್ದು, ‘ಬೆಳಿಗ್ಗೆ ಏನ್ ತಿಂದ್ರಿ ಸರ್?’

‘ಏನಿಲ್ಲ ಮೇಡಂ.’

‘ಮೊದಲು ಅದು. ಮೂರು ಹೊತ್ತು ಊಟ, ಮಧ್ಯೆ ಎರಡು ಸಲ ಏನಾದರೂ. ನಾಲ್ಕು ತಾಸಿಗಿಂತ ಹೆಚ್ಚು ಖಾಲಿ ಹೊಟ್ಟೆ ಬೇಡ. ಇದಾಗದೆ ಬೇರೆ ಏನು ಹೇಳಿಕೊಟ್ಟರೂ ಕೆಲಸ ಮಾಡಲ್ಲ.’

ನಮಗೆ ನಂಬಿಕೆ ಬರಲಿಲ್ಲ. ಜಾಸ್ತಿ ತಿನ್ನುವವನಿಗೆ ಇನ್ನಷ್ಟು ತಿನ್ನು ಅನ್ನುತ್ತಾರಲ್ಲ! ಮನೆಗೆ ಬಂದು ಹುಡುಕಿ ಓದಿದಾಗ ಮಿನ್ನೆಸೋಟದ ಪ್ರಯೋಗ ಸಿಕ್ಕಿತು. ಎರಡನೇ ಮಹಾಯುದ್ಧದ ಕೊನೆಯ ಹೊತ್ತು, 1944–45. ಯುದ್ಧ ಮಾಡುವುದಿಲ್ಲ ಎಂದ 36 ಯುವಕರು ಬೇರೆ ಸೇವೆಯಾಗಿ ಈ ಪ್ರಯೋಗಕ್ಕೆ ತಾವಾಗಿ ಒಪ್ಪಿದರು. ಆನ್ಸೆಲ್ ಕೀಸ್ ಎಂಬ ವಿಜ್ಞಾನಿ ಅವರಿಗೆ 24 ವಾರ ಮೊದಲಿನ ಊಟದ ಸುಮಾರು ಅರ್ಧ ಮಾತ್ರ ಕೊಟ್ಟರು. ಯುರೋಪಿನಲ್ಲಿ ಹಸಿದ ಜನರಿಗೆ ಮತ್ತೆ ಹೇಗೆ ಊಟ ಕೊಡಬೇಕು ಅಂತ ತಿಳಿಯಲು ಮಾಡಿದ್ದು. ಗಟ್ಟಿಮುಟ್ಟಾಗಿದ್ದ ಆ ಹುಡುಗರು ಹಗಲುರಾತ್ರಿ ಊಟದ್ದೇ ಧ್ಯಾನ ಮಾಡತೊಡಗಿದರು. ಅಡುಗೆ ಪುಸ್ತಕ ಕೂಡಿಸಿಟ್ಟುಕೊಂಡರು, ತಟ್ಟೆ ನೆಕ್ಕಿದರು, ಸಿಡುಕರಾದರು, ಮಂಕಾದರು. ಮತ್ತೆ ಬೇಕಾದಷ್ಟು ತಿನ್ನಬಹುದು ಅಂದಾಗ ಕೆಲವರಿಗೆ ಎಷ್ಟು ತಿಂದರೂ ಸಾಲುತ್ತಿರಲಿಲ್ಲ. ಇವರು ಯಾರೂ ಮನಸ್ಸಿನ ಕಾಯಿಲೆಯವರಲ್ಲ, ಆರಿಸಿ ತಂದ ಆರೋಗ್ಯವಂತರು. ಊಟ ಬಿಟ್ಟದ್ದಕ್ಕೇ ಹಾಗಾಗಿತ್ತು. ನಾವು ಮಧ್ಯಾಹ್ನದ ಊಟ ಬಿಟ್ಟು ಗಳಿಸುತ್ತಿದ್ದದ್ದು ಬೇವಿನ ಮರವನ್ನು.

ಹಾಗಾಗಿ ಬೆಳಿಗ್ಗೆ ಒಗ್ಗರಣೆ ತಿಂದು ಹೊರಡಲು ಶುರು ಮಾಡಿದೆವು, ಜೊತೆಗೆ ಮಿರ್ಚಿ ಒಂದು. ಮೇಡಂ ಮಿರ್ಚಿಗೆ ಬೇಡ ಅನ್ನಲಿಲ್ಲ. ‘ಇದು ತಿನ್ನಬಾರದು ಅಂತ ಪಟ್ಟಿ ಮಾಡಿದರೆ ರಾತ್ರಿ ಅದೇ ಬಂದು ಕರೆಯುತ್ತೆ’ ಅಂದರು. ಸೈಡ್ ಬ್ಯಾಗಿನಲ್ಲಿ ಪೊಟ್ಟಣದ ಜಾಗಕ್ಕೆ ರೊಟ್ಟಿ ಬುತ್ತಿ ಬಂತು. ಎರಡು ವಾರದಲ್ಲಿ ಅರ್ಧ ಕಡಿಮೆಯಾಯಿತು. ಉಳಿದರ್ಧ ಹಸಿವಿನದ್ದಾಗಿರಲಿಲ್ಲ.

ಅಲ್ಲಿಂದ ಮುಂದೆ ಅವರು ಹೇಳಿದ್ದು ನಮಗೆ ಹೊಸದು, ಮತ್ತೆ ಪೂರ್ತಿ ಹೊಸದೂ ಅಲ್ಲ. ಔಷಧಿ ಕುಡಿಯುವಾಗ ಮಂಗನನ್ನು ನೆನೆಸಬೇಡ ಅಂದರೆ ಮಂಗನೇ ಬರುತ್ತದೆ ಅಂತ ನಮ್ಮಲ್ಲಿ ಹೇಳುವುದಿಲ್ಲವೇ? ಅಮೆರಿಕದ ಡೇನಿಯಲ್ ವೆಗ್ನರ್ 1987ರಲ್ಲಿ ಇದನ್ನೇ ಪ್ರಯೋಗ ಮಾಡಿ ತೋರಿಸಿದರು. ಅಲ್ಲಿ ಮಂಗನ ಬದಲು ಬಿಳಿ ಕರಡಿ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂದರೆ ವಿದ್ಯಾರ್ಥಿಗಳ ತಲೆಗೆ ಮತ್ತೆ ಮತ್ತೆ ಅದೇ ಬಂತು. ನಾವು ಚಪ್ಪಲಿಯನ್ನು ನೆನೆಯಬಾರದು ಅಂತಲೇ ತಿನ್ನುತ್ತಿದ್ದೆವು. ತಿಂದದ್ದನ್ನು ಮರೆಯಲು ಮರುದಿನ ಉಪವಾಸ. ಒಂದನ್ನು ಓಡಿಸಲು ಇನ್ನೊಂದು.

‘ಆ ನೆನಪು ಬಂದರೆ ಬರಲಿ ಸರ್. ಬಾಗಿಲು ಹಾಕಬೇಡಿ, ಕುರ್ಚಿ ಹಾಕಿ ಕೂರಿಸಲೂ ಬೇಡಿ. ಮೈಯಲ್ಲಿ ಎಲ್ಲಿ ಗೊತ್ತಾಗುತ್ತೆ ನೋಡಿ.’

ಗಂಟಲಲ್ಲಿ ಗೊತ್ತಾಗುತ್ತಿತ್ತು. ಏನೋ ಸಿಕ್ಕಿಕೊಂಡ ಹಾಗೆ. ಆ ಗಂಟಲಿಗೇ ನಾವು ಖಾರ ತುರುಕುತ್ತಿದ್ದದ್ದು ಅಂತ ಅವತ್ತು ಹೊಳೆಯಿತು.

ಒಂದು ಮಂಗಳವಾರ ಅವರು ಟೇಬಲ್ ಮೇಲೆ ಒಂದೇ ಒಂದು ಶೇಂಗಾ ಕಾಳು ಇಟ್ಟರು. ನೋಡಿ, ಮುಟ್ಟಿ, ಮೂಸಿ, ನಾಲಿಗೆ ಮೇಲೆ ಇಟ್ಟುಕೊಳ್ಳಿ, ಅಗಿಯಬೇಡಿ, ಈಗ ಒಂದು ಸಲ ಅಗಿಯಿರಿ. ನಾವು ನಕ್ಕುಬಿಟ್ಟೆವು. ಶೇಂಗಾ ಬೆಳೆಯುವ ಊರಿನವನಿಗೆ ಶೇಂಗಾ ತಿನ್ನಲು ಕಲಿಸುತ್ತಿದ್ದೀರಲ್ಲ ಅಂದೆವು. ಅವರೂ ನಕ್ಕರು. ಅಮೆರಿಕದಲ್ಲಿ ಇದನ್ನು ಒಣದ್ರಾಕ್ಷಿಯಲ್ಲಿ ಮಾಡಿಸುತ್ತಾರೆ. ಜಾನ್ ಕಬತ್-ಜಿನ್ ಎಂಬುವರು 1979ರಲ್ಲಿ ಮ್ಯಾಸಚೂಸೆಟ್ಸ್‌ನ ವೈದ್ಯಕೀಯ ಕೇಂದ್ರದಲ್ಲಿ, ನೋವು ವಾಸಿಯಾಗದ ರೋಗಿಗಳಿಗಾಗಿ ಒಂದು ತರಬೇತಿ ಶುರು ಮಾಡಿದರು. ಬೌದ್ಧರ ಧ್ಯಾನದಿಂದ ಕಲಿತದ್ದನ್ನು ಧರ್ಮದ ಮಾತು ಬಿಟ್ಟು ಆಸ್ಪತ್ರೆಗೆ ತಂದದ್ದು. ‘ಮೈಂಡ್‌ಫುಲ್‌ನೆಸ್’ ಅಂತ ಈಗ ಮೊಬೈಲ್ ಆ್ಯಪಿನಲ್ಲಿ ಮಾರುತ್ತಾರಲ್ಲ, ಅದರ ಬೇರು ಅಲ್ಲಿದೆ. ಜೀನ್ ಕ್ರಿಸ್ಟೆಲರ್ ಎಂಬ ಮನಶ್ಶಾಸ್ತ್ರಜ್ಞೆ ಅದನ್ನು ನಮ್ಮಂಥ ಕಟ್ಟುತಪ್ಪಿ ತಿನ್ನುವವರಿಗೆ ಹೊಂದಿಸಿ ಬೇರೆ ತರಬೇತಿ ಮಾಡಿದರು. ಮೇಡಂ ಅದನ್ನು ಬರೀ ‘ಗಮನ ಇಡೋದು’ ಅನ್ನುತ್ತಿದ್ದರು.

ನಕ್ಕರೂ, ಆ ಕಾಳಿನಲ್ಲಿ ಒಂದು ಸಂಗತಿ ನಡೆಯಿತು. ಎರಡು ವರ್ಷದಲ್ಲಿ ಎಷ್ಟು ಪೊಟ್ಟಣ ಶೇಂಗಾ ತಿಂದಿದ್ದೇವೋ, ಒಂದರ ರುಚಿಯೂ ನೆನಪಿರಲಿಲ್ಲ. ಇದರದ್ದು ಈಗಲೂ ಇದೆ. ಸ್ವಲ್ಪ ಮುಗ್ಗಲು.

ಎಲ್ಲವೂ ಹೀಗೆ ಸಲೀಸಾಗಿ ಹೋಯಿತು ಅಂತ ತಿಳಿಯಬೇಡಿ. ಕಣ್ಣು ಮುಚ್ಚಿ ಉಸಿರು ನೋಡಿ ಅಂದ ಮೊದಲ ದಿನವೇ ಕಾಲುವೆ ಕಣ್ಣಮುಂದೆ ಬಂತು, ಹಗ್ಗ ಎಳೆಯುವವರ ಕೂಗಿನ ಸಮೇತ. ಎದೆ ಹೊಡೆದುಕೊಂಡು ಎದ್ದುಬಿಟ್ಟೆವು. ಆ ರಾತ್ರಿ ಮತ್ತೆ ಬೇವಿನ ಮರ. ಮುಂದಿನ ವಾರ ಹೇಳಿದಾಗ ಮೇಡಂ ಗಾಬರಿಯಾಗಲಿಲ್ಲ. ಕೆಟ್ಟದ್ದನ್ನು ಕಂಡವರಿಗೆ ಹೀಗಾಗುತ್ತದೆ, ಅವರು ಒಬ್ಬರೇ ಕೂತು ಕಣ್ಣು ಮುಚ್ಚುವುದು ಬೇಡ ಅಂದರು. ಕಣ್ಣು ತೆರೆದೇ, ಪಾದ ನೆಲಕ್ಕೆ ಊರಿ, ಸುತ್ತ ಕಾಣುವ ಐದು ವಸ್ತು ಹೆಸರಿಸಿ, ಸಾಕು. ಯೂಟ್ಯೂಬಿನಲ್ಲಿ ಧ್ಯಾನ ಹೇಳಿಕೊಡುವ ಯಾರೂ ಈ ಮಾತು ಹೇಳಿದ್ದನ್ನು ನಾವು ಕೇಳಿಲ್ಲ.

ನಮಗೆ ಬಹಳ ಉಪಯೋಗಕ್ಕೆ ಬಂದದ್ದು ಬಸ್ಸಿನ ಕಥೆ. ಇದು ಸ್ಟೀವನ್ ಹೇಯ್ಸ್ ಎಂಬುವರ ಚಿಕಿತ್ಸೆಯಲ್ಲಿ ಹೇಳುವ ಕಥೆ. ‘ಆಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ’ ಅಂತ ಅದರ ಹೆಸರು, ಒಪ್ಪಿಕೊಳ್ಳುವುದು ಮತ್ತು ಹಿಡಿದ ದಾರಿಯಲ್ಲಿ ನಡೆಯುವುದು. ಆತ ಸ್ವತಃ ಮನಶ್ಶಾಸ್ತ್ರದ ಮೇಷ್ಟ್ರು. 1978ರಲ್ಲಿ ವಿಭಾಗದ ಮೀಟಿಂಗಿನಲ್ಲಿ ಮಾತಾಡಲು ಬಾಯಿ ತೆರೆದಾಗ ಭಯ ಹಿಡಿದು ದನಿಯೇ ಹೊರಡಲಿಲ್ಲವಂತೆ. ಆ ಭಯವನ್ನು ಓಡಿಸಲು ಹೋದಷ್ಟೂ ಅದು ಬೆಳೆಯಿತು. ಕಥೆ ಹೀಗಿದೆ. ನೀವು ಬಸ್ ಡ್ರೈವರ್. ಹಿಂದೆ ಕೂತ ಪ್ಯಾಸೆಂಜರ್‌ಗಳು ಕೂಗುತ್ತಾರೆ: ಎಡಕ್ಕೆ ತಿರುಗಿಸು, ನಿನಗೆ ಓಡಿಸಲು ಬರಲ್ಲ, ನೀನು ದಂಡ. ಬಸ್ ನಿಲ್ಲಿಸಿ ಅವರ ಜೊತೆ ಜಗಳಕ್ಕೆ ಹೋದರೆ ಬಸ್ಸು ಅಲ್ಲೇ ನಿಲ್ಲುತ್ತದೆ. ಅವರು ಹೇಳಿದ ಕಡೆ ತಿರುಗಿಸಿದರೆ ನಿಮ್ಮ ಊರು ತಪ್ಪುತ್ತದೆ. ಕೂಗಲಿ ಬಿಡಿ, ಸ್ಟೇರಿಂಗು ನಿಮ್ಮ ಕೈಯಲ್ಲಿದೆ.

‘ನಿಮ್ಮ ಬಸ್ಸಿನ ಬೋರ್ಡಲ್ಲಿ ಯಾವ ಊರು ಬರೆದಿದೆ ಸರ್?’ ಅಂತ ಕೇಳಿದರು. ಆ ದಿನ ಉತ್ತರ ಬರಲಿಲ್ಲ. ಎರಡು ದಿನ ಬಿಟ್ಟು ಬಂತು. ನಮ್ಮ ಮಗಳು ಎರಡನೇ ಕ್ಲಾಸು, ರಾತ್ರಿ ನಮ್ಮ ಜೊತೆ ಉಣ್ಣಬೇಕು ಅಂತ ಕಾದು ಕಾದು ನಿದ್ದೆ ಮಾಡಿಬಿಡುತ್ತಾಳೆ.

‘ಒಪ್ಪಿಕೊಳ್ಳುವುದು’ ಎಂಬ ಮಾತಿಗೆ ನಮ್ಮ ಮನೆಯಲ್ಲಿ ಒಂದು ದಿನ ವಾದವೇ ಆಯಿತು. ಅವ್ವ ಜೋಳ ಹಸನು ಮಾಡುತ್ತ ಕೇಳಿಸಿಕೊಂಡಳು. ‘ನಾವು ಹೆಣ್ಮಕ್ಕಳು ಹುಟ್ಟಿದಾಗಿಂದ ಎಲ್ಲಾ ಒಪ್ಕಂಡೇ ಬಂದೀವಿ. ಎಲ್ಲಾರೂ ಉಂಡ ಮ್ಯಾಲೆ ಉಳಿದಿದ್ದು ಉಂಡೀವಿ. ಅದಕ್ಕ ಆಸ್ಪತ್ರಿ ಯಾಕ ಬೇಕೋ?’ ಅಂದಳು. ಬಾಯಿ ಕಟ್ಟಿತು. ಮೇಡಂಗೆ ಇದನ್ನೇ ಒಯ್ದು ಕೇಳಿದೆವು. ಅವ್ವ ಹೇಳಿದ್ದು ಸಹಿಸಿಕೊಳ್ಳುವುದು, ಇದು ಬೇರೆ ಅಂದರು. ಒಳಗೆ ಬಂದ ದುಃಖ, ಭಯ, ಆಸೆ ‘ಬಂದಿದೆ’ ಅಂತ ಒಪ್ಪುವುದು ಒಂದು. ಹೊರಗಿನ ಅನ್ಯಾಯವನ್ನು ಒಪ್ಪುವುದು ಇನ್ನೊಂದು, ಅದನ್ನು ಯಾರೂ ಹೇಳುತ್ತಿಲ್ಲ. ಮಾರ್ಷಾ ಲಿನಹಾನ್ ಎಂಬ ಮನಶ್ಶಾಸ್ತ್ರಜ್ಞೆ ತಮ್ಮ ಚಿಕಿತ್ಸೆಯಲ್ಲಿ ಒಪ್ಪಿಕೊಳ್ಳುವುದನ್ನೂ ಬದಲಾಯಿಸುವುದನ್ನೂ ಜೋಡೆತ್ತಿನ ಹಾಗೆ ಕಟ್ಟಿದರು. ಆಕೆ ಹರೆಯದಲ್ಲಿ ತಾವೇ ಮಾನಸಿಕ ಆಸ್ಪತ್ರೆಯಲ್ಲಿದ್ದವರು. ಅದನ್ನು ಎಲ್ಲರ ಮುಂದೆ ಹೇಳಿದ್ದು 2011ರಲ್ಲಿ, ಹೆಸರು ಮಾಡಿದ ಎಷ್ಟೋ ವರ್ಷದ ಮೇಲೆ.

ಆದರೂ ಅವ್ವನ ಮಾತಿನಲ್ಲಿ ಹುರುಳಿದೆ ಅಂತ ನಮಗೆ ಈಗಲೂ ಅನಿಸುತ್ತದೆ. ಬಿಲ್ಲು ಮೂರು ತಿಂಗಳು ತಡವಾದಾಗ ಉಸಿರು ನೋಡುತ್ತ ಕೂರಿ ಅಂದರೆ ನಾವು ಕೂರುವವರಲ್ಲ. ಅವತ್ತಿನಿಂದ ಮನೆಯಲ್ಲಿ ಅವ್ವನಿಗೆ ಮೊದಲು ಬಡಿಸುತ್ತೇವೆ. ಬೇಡ ಅಂತ ಬೈಯುತ್ತಾಳೆ, ಉಣ್ಣುತ್ತಾಳೆ.

ಈಗ ನಾವು ಮಾಡಿದ ತಪ್ಪಿಗೆ ಬರುತ್ತೇವೆ. ಇದನ್ನು ಬರೆಯಲೇಬೇಕು ಅಂತಲೇ ಇಷ್ಟೂ ಬರೆದದ್ದು.

ಸಂಕ್ರಾಂತಿ ಹೊತ್ತಿಗೆ ನಮಗೆ ಎಷ್ಟೋ ಹಗುರವಾಗಿತ್ತು. ಹಗುರವಾದವರಿಗೆ ಒಂದು ರೋಗ, ಸಿಕ್ಕವರಿಗೆಲ್ಲ ಹೇಳುವುದು. ಪರಿಚಯದ ರೈತರೊಬ್ಬರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಮಗಳು ಪಿಯುಸಿ, ಹಾಸ್ಟೆಲಿನಿಂದ ಮನೆಗೆ ಬಂದಿದ್ದಾಳೆ. ‘ಏನೂ ಉಣವಲ್ಲಳು ಸರ್. ಒಂದು ರೊಟ್ಟಿ ಹಾಕಿದ್ರ ಚೂರು ಚೂರು ಮಾಡಿ ಸರಿಸ್ತಾಳ. ದಪ್ಪ ಆಗೀನಿ ಅಂತಾಳ, ಮೈಮ್ಯಾಲೆ ಎಲುಬು ಬಿಟ್ರ ಏನಿಲ್ಲ. ಸ್ವಾಮಿಗೋಳ ಹತ್ರ ಕರಕೊಂಡು ಹೋಗಿದ್ವಿ, ತಾಯಿತ ಕಟ್ಟ್ಯಾರ.’ ಆಮೇಲೆ ದನಿ ಇಳಿಸಿ, ‘ಮೂರು ತಿಂಗಳಿಂದ ಹೊರಗ ಕೂತಿಲ್ಲಂತ ಅವರವ್ವ ಹೇಳ್ತಾಳ. ಊರಾಗ ಬ್ಯಾರೇನ ಮಾತಾಡಾಕ ಹತ್ಯಾರ’ ಅಂದರು.

ನಾವು ದೊಡ್ಡ ತಿಳಿದವರ ಹಾಗೆ ಶೇಂಗಾ ಕಾಳಿನ ಪಾಠ ಹೇಳಿದೆವು. ನಿಧಾನ ಉಣ್ಣಲಿ, ಗಮನ ಇಡಲಿ, ಒತ್ತಾಯ ಮಾಡಬೇಡಿ, ತಾನಾಗೇ ಸರಿಹೋಗುತ್ತದೆ. ಅವರು ಕೈಮುಗಿದು ಹೋದರು.

ಮುಂದಿನ ಮಂಗಳವಾರ ಮೇಡಂ ಮುಂದೆ ಇದನ್ನು ಹೆಮ್ಮೆಯಿಂದಲೇ ಹೇಳಿದೆವು. ಅವರ ಮುಖ ಬದಲಾಯಿತು. ‘ಸರ್, ಆ ಹುಡುಗಿಗೆ ತಲೆ ತಿರುಗುತ್ತಾ? ಬಿದ್ದಿದ್ದಾಳಾ? ನಾಡಿ ಯಾರಾದರೂ ನೋಡಿದ್ದಾರಾ?’ ನಮಗೆ ಗೊತ್ತಿರಲಿಲ್ಲ. ಅವರು ಬೈಯಲಿಲ್ಲ, ಪೆನ್ನು ಕೆಳಗಿಟ್ಟು ಒಂದೊಂದೇ ಹೇಳಿದರು. ಇದು ನಿಮ್ಮದಲ್ಲ, ಬೇರೆ ಕಾಯಿಲೆ. ಇದಕ್ಕೆ ‘ಅನೊರೆಕ್ಸಿಯಾ’ ಅನ್ನುತ್ತಾರೆ. ಮೈ ಸೊರಗಿದಾಗ ನಾಡಿ ನಿಧಾನವಾಗುತ್ತದೆ, ಮುಟ್ಟು ನಿಲ್ಲುತ್ತದೆ, ಹೃದಯಕ್ಕೆ ಅಪಾಯ, ಪ್ರಾಣಕ್ಕೂ. ಹಸಿದ ಮಿದುಳಿಗೆ ಯಾವ ಧ್ಯಾನವೂ ಹತ್ತುವುದಿಲ್ಲ. ಮೊದಲು ಡಾಕ್ಟರು, ರಕ್ತ ಪರೀಕ್ಷೆ, ಇಸಿಜಿ. ಬಹಳ ದಿನ ಉಣ್ಣದವರಿಗೆ ಒಮ್ಮೆಲೇ ತುಂಬ ಉಣ್ಣಿಸುವುದೂ ಅಪಾಯ, ಅದನ್ನು ವೈದ್ಯರೇ ಹಂತ ಹಂತವಾಗಿ ಮಾಡಿಸಬೇಕು. ಇಂಥ ವಯಸ್ಸಿನ ಮಕ್ಕಳಿಗೆ ತಂದೆತಾಯಿಯೇ ಊಟದ ಜವಾಬ್ದಾರಿ ಹೊತ್ತು, ಪಕ್ಕದಲ್ಲಿ ಕೂತು ಉಣ್ಣಿಸುವ ಚಿಕಿತ್ಸೆಯೇ ಮುಖ್ಯ. ತಾನಾಗೇ ಉಣ್ಣಲಿ ಅಂತ ಬಿಡುವುದಲ್ಲ.

ನಾವು ಹೇಳಿದ್ದಕ್ಕೆ ಸರಿಯಾಗಿ ಉಲ್ಟಾ.

ಅಲ್ಲೇ ಆಸ್ಪತ್ರೆ ವರಾಂಡದಿಂದ ಫೋನ್ ಮಾಡಿದೆವು. ಹತ್ತಲಿಲ್ಲ. ಬೈಕ್ ತೆಗೆದುಕೊಂಡು ಅವರ ಊರಿಗೆ ಹೋದೆವು. ಅವರು ಮೆಣಸಿನಕಾಯಿ ಹೊಲದಲ್ಲಿದ್ದರು. ‘ನಾವು ತಪ್ಪು ಹೇಳಿದ್ವಿ ಅಣ್ಣಾ, ನಾಳೇನೇ ಜಿಲ್ಲಾ ಆಸ್ಪತ್ರೆಗೆ ಹೋಗೋಣ’ ಅಂದೆವು. ಅವರು ತಲೆಯ ಮೇಲಿನ ಟವೆಲ್ ತೆಗೆದು ಬಹಳ ಹೊತ್ತು ಸುಮ್ಮನೆ ನಿಂತರು. ಹುಡುಗಿ ಹಿಂದಿನ ದಿನ ನೀರು ತರುವಾಗ ಬಿದ್ದಿದ್ದಳಂತೆ. ಸುದ್ದಿಯಲ್ಲಿ ತಪ್ಪು ಬಂದರೆ ಮರುದಿನ ಮೂಲೆಯಲ್ಲಿ ಎರಡು ಸಾಲು ತಿದ್ದುಪಡಿ ಹಾಕುತ್ತಾರೆ. ಆ ಹೊಲದಲ್ಲಿ ನಿಂತಾಗ ಅದು ನೆನಪಾಯಿತು.

ಹುಡುಗಿ ಕೆಲವು ದಿನ ವಾರ್ಡಿನಲ್ಲಿದ್ದಳು. ಆಮೇಲೆ ಮನೆಗೆ ಬಂದಳು, ಅವರವ್ವ ಕೂಲಿಗೆ ಹೋಗುವುದನ್ನು ಬಿಟ್ಟು ಮೂರು ಹೊತ್ತು ಪಕ್ಕದಲ್ಲಿ ಕೂರುತ್ತಾಳೆ. ಮನೆಯ ಆದಾಯದಲ್ಲಿ ಅಷ್ಟು ಕಡಿಮೆಯಾಯಿತು. ಊರಿನವರ ಮಾತು ಪೂರ್ತಿ ನಿಂತಿಲ್ಲ.

ನಿಮ್ಮ ಮನೆಯಲ್ಲೂ ಇಂಥದ್ದು ಇದ್ದರೆ, ನಮ್ಮಂಥವರನ್ನು ಕೇಳಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ. ಹೋಗಲು ಆಗದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ-ಮಾನಸ್ ಅದು, 2022ರ ಅಕ್ಟೋಬರಿನಲ್ಲಿ ಶುರುವಾದದ್ದು. ದುಡ್ಡಿಲ್ಲ, ರಾತ್ರಿಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ. ಎಚ್ಚರ ತಪ್ಪಿ ಬಿದ್ದವರನ್ನು ಮಾತ್ರ ಫೋನಿಗೆ ಕಾಯದೆ ಸೀದಾ ಒಯ್ಯಿರಿ.

ನಮ್ಮ ವಿಷಯ ಹೇಳುವುದಾದರೆ, ಬೇವಿನ ಮರ ಅಲ್ಲೇ ಇದೆ. ಹೋದ ತಿಂಗಳು ಒಂದು ಶವಾಗಾರದ ಸುದ್ದಿ ಮಾಡಿ ಬರುವಾಗ ಗಾಡಿ ತಾನಾಗೇ ಅಲ್ಲಿ ನಿಂತಿತು. ಬೇಕರಿಯಲ್ಲಿ ಕಟ್ಟಿಸಿದ ಪೊಟ್ಟಣ ಬ್ಯಾಗಿನಲ್ಲಿತ್ತು. ಗಂಟಲು ಬಿಗಿದಿತ್ತು. ಕಣ್ಣು ತೆರೆದೇ ನಿಂತು, ಬಂಕಿನ ದೀಪ, ಲಾರಿ, ಮೈಲಿಗಲ್ಲು, ನಾಯಿ, ನಮ್ಮದೇ ಹೆಲ್ಮೆಟ್ ಅಂತ ಐದು ಎಣಿಸಿದೆವು. ಅಳು ಬಂತು. ಎಷ್ಟು ಹೊತ್ತು ಅಂತ ನೋಡಲಿಲ್ಲ. ಆಮೇಲೆ ಪೊಟ್ಟಣ ಬಿಚ್ಚಿ ಅರ್ಧ ತಿಂದೆವು, ದಿಲ್‌ಪಸಂದ್ ಅದು, ಕೊಬ್ಬರಿ ಸ್ವಲ್ಪ ಜಾಸ್ತಿ. ಉಳಿದರ್ಧ ಮನೆಗೆ ಒಯ್ದು ತಟ್ಟೆಯಲ್ಲಿ ಇಟ್ಟೆವು. ಮಗಳು ಎಚ್ಚರ ಇದ್ದಳು. ‘ಅಪ್ಪಾ, ಇದರ ಇನ್ನೊಂದ್ ತುಂಡು ಯಾರು ತಿಂದ್ರು?’ ಅಂತ ಕೇಳಿದಳು.

‘ನಾನು’ ಅಂದೆವು.